ಹಸ್ತ, ಚಿತ್ತೆ ಮಳೆಗೆ ಸಿಕ್ಕ ದಾಳಿಂಬೆ

ಚಿಕ್ಕಮಗಳೂರು ಎಂದರೆ ಕಾಫಿ ತೋಟ ನೆನಪಾಗುತ್ತದೆ. ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿ ಮಾತ್ರ ಅಪ್ಪಟ ಬಯಲುಸೀಮೆ. ರಾಗಿ, ತೆಂಗು ಬೆಳೆದು ಬೋರ್‌ವೆಲ್ ನಂಬಿಕೊಂಡ ಇಂಥ ನೆಲಕ್ಕೆ ಕಡಿಮೆ ನೀರು ಬೇಡುವ, ಒಳ್ಳೆಯ ದುಡ್ಡು ಕೊಡುವ ದಾಳಿಂಬೆ ಒಪ್ಪುವ ಬೆಳೆಯೇ. ಆದರೆ ಪಕ್ಕದ ಹೊಸದುರ್ಗ, ಹಿರಿಯೂರಿನಿಂದ ಹಿಡಿದು ಕೊಪ್ಪಳ, ಬಾಗಲಕೋಟೆವರೆಗೆ ದಾಳಿಂಬೆ ಬೆಳೆದವರನ್ನು ಕಾಡಿದ ರೋಗವೊಂದಿದೆ: ದುಂಡಾಣು ಅಂಗಮಾರಿ.

ಮೊದಲು ಎಲೆಯ ಮೇಲೆ ನೀರು ಹೀರಿದಂಥ ಸಣ್ಣ ಚುಕ್ಕೆ. ಆಮೇಲೆ ರೆಂಬೆಯ ಗೆಣ್ಣು ಕಪ್ಪಾಗಿ ಮುರಿಯುತ್ತದೆ, ಕಾಯಿಗೆ ಕಪ್ಪು ಮಚ್ಚೆ ಬಿದ್ದು ಸಿಪ್ಪೆ ಸೀಳುತ್ತದೆ. ಸೀಳಿದ ಕಾಯಿಯನ್ನು ವ್ಯಾಪಾರಿ ಮುಟ್ಟುವುದಿಲ್ಲ. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ ತರುವ ಈ ರೋಗ 1952ರಲ್ಲಿ ದೆಹಲಿಯಿಂದ ಮೊದಲು ವರದಿಯಾಯಿತು. ದಶಕಗಳ ಕಾಲ ಸುಮ್ಮನಿದ್ದದ್ದು 1990ರ ದಶಕದ ಕೊನೆಗೆ ಕರ್ನಾಟಕದಲ್ಲೂ ನಂತರ ಮಹಾರಾಷ್ಟ್ರದಲ್ಲೂ ತೋಟಗಳನ್ನೇ ಮುಗಿಸಿತು. ಸೊಲ್ಲಾಪುರದಲ್ಲಿ 2005ರಲ್ಲಿ ಶುರುವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರಕ್ಕೆ ಇಂದಿಗೂ ದೊಡ್ಡ ತಲೆನೋವು ಇದೇ.

ಅಂಟಿದ ಮೇಲೆ ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಬೋರ್ಡೊ ದ್ರಾವಣ ಹರಡುವುದನ್ನು ತಡೆಯಬಹುದು, ಅಷ್ಟೆ. ಇದಕ್ಕೆ ಸಿಂಪಡಿಸುತ್ತ ಬಂದ ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕಾಯಿಲೆಗೂ ಬೇಕಾದ ಔಷಧ; ಬೆಳೆಗೆ ಅದರ ಬಳಕೆ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿತು. ಹಾಗಾಗಿ ಅಪಾಯ ಎಷ್ಟೆಂದು ಗಿಡ ನೆಡುವ ಮೊದಲೇ ಅಳೆಯಬೇಕು.

ಅಳೆಯುವುದು ಹೇಗೆ? ಸೇಬಿನ ಒಂದು ವ್ಯಾಜ್ಯದಲ್ಲಿ ಇದಕ್ಕೆ ಸುಳಿವಿದೆ. ಆಸ್ಟ್ರೇಲಿಯಾ ಸೇಬಿನ ‘ಬೆಂಕಿ ರೋಗ’ಕ್ಕೆ ಹೆದರಿ 1921ರಲ್ಲಿ ನ್ಯೂಜಿಲೆಂಡ್ ಸೇಬಿಗೆ ಬಾಗಿಲು ಹಾಕಿತ್ತು. ವಿಶ್ವ ವ್ಯಾಪಾರ ಸಂಸ್ಥೆ 2010ರಲ್ಲಿ ಆಸ್ಟ್ರೇಲಿಯಾದ ಕಟ್ಟುನಿಟ್ಟುಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. ಅದರ ಪಾಠವಿದು: ರೋಗ ಹರಡಲು ರೋಗಾಣು ಹಣ್ಣಿನಲ್ಲಿ ಇದ್ದರೆ ಸಾಲದು. ಅದು ಬದುಕಿ, ಗಿಡ ತಲುಪಬೇಕು; ಅದಕ್ಕೆ ಸರಿಯಾದ ಹವೆಯೂ ಸಿಗಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ರೋಗ ಮುಂದುವರಿಯದು.

ದಾಳಿಂಬೆಯಲ್ಲಿ ಮೊದಲ ಕೊಂಡಿ ಸಸಿ. ರೋಗದ ತಾಯಿಗಿಡದಿಂದ ಕಟ್ಟಿದ ಗೂಟಿ ನೋಡಲು ಹಸನಾಗಿದ್ದರೂ ಒಳಗೆ ದುಂಡಾಣು ಹೊತ್ತು ಬರಬಹುದು. ಅಗ್ಗವೆಂದು ಗೊತ್ತುಗುರಿಯಿಲ್ಲದ ನರ್ಸರಿಯಿಂದ ತಂದವರು ರೋಗವನ್ನೇ ದುಡ್ಡು ಕೊಟ್ಟು ತಂದಂತೆ. ನಂತರದ್ದು ಕತ್ತರಿ: ಗಿಡದಿಂದ ಗಿಡಕ್ಕೆ ಹೋಗುವಾಗ ಸೋಂಕುನಿವಾರಕದಲ್ಲಿ ಅದ್ದದಿದ್ದರೆ ಸವರುವ ಕೆಲಸವೇ ಸೋಂಕು ಹಂಚುತ್ತದೆ. ಸವರಿದ ರೆಂಬೆ, ಉದುರಿದ ಎಲೆಯನ್ನು ಬದುವಿಗೆ ಎಸೆಯುವ ನೆರೆಯವನಿದ್ದರೆ ಆತನ ತೋಟವೂ ನಿಮ್ಮ ಲೆಕ್ಕಕ್ಕೇ ಸೇರಬೇಕು.

ಎಲ್ಲಕ್ಕಿಂತ ದೊಡ್ಡದು ಮಳೆ. ದುಂಡಾಣು ಮಳೆಹನಿಯ ಸಿಡಿತದಲ್ಲೇ ಗಿಡದಿಂದ ಗಿಡಕ್ಕೆ ಹಾರುತ್ತದೆ. ಸುಮಾರು 30 ಡಿಗ್ರಿ ಬಿಸಿ, ತೇವದ ಗಾಳಿ ಅದಕ್ಕೆ ಹಬ್ಬ. ಸೆಪ್ಟೆಂಬರ್‌ನಲ್ಲಿ ಗಿಡ ಸವರಿ ನೀರು ಬಿಡುವ ‘ಹಸ್ತ ಬಹಾರ್’ ಬೇರೆಡೆ ಸರಿಹೋಗಬಹುದು. ಕಡೂರು ಭಾಗದಲ್ಲಿ ಹಸ್ತ, ಚಿತ್ತೆ ಮಳೆಯೇ ಜೋರು. ಚಿಗುರು, ಮೊಗ್ಗು, ಹಸಿ ಗಾಯ ಮೂರೂ ದುಂಡಾಣುವಿಗೆ ಒಟ್ಟಿಗೆ ಸಿಕ್ಕುತ್ತವೆ. ಮಳೆ ಕಳೆದು ನವೆಂಬರ್‌ನಲ್ಲಿ ಸವರಿದರೆ, ಕಾಯಿ ಬಲಿಯಲು ಆರು ತಿಂಗಳು ಬೇಕಾದ್ದರಿಂದ, ಕೊಯ್ಲಿನ ಹೊತ್ತಿಗೆ ಮುಂಗಾರು ಪೂರ್ವದ ಮಳೆ ಎದುರಾಗುತ್ತದೆ. ಪೂರಾ ಮಳೆ ತಪ್ಪಿಸುವ ಆರು ತಿಂಗಳು ಇಲ್ಲಿ ಸಿಗುವುದು ಕಷ್ಟ. ಆದರೂ ಎರಡರಲ್ಲಿ ಎರಡನೆಯದೇ ವಾಸಿ: ನಡುವೆ ಒಣ ತಿಂಗಳುಗಳು ಬರುವುದರಿಂದ ಎಳೆ ಕಾಯಿಗೆ ಸೋಂಕು ಏರುವುದು ತಡವಾಗುತ್ತದೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ದಾಖಲಿಸುತ್ತದೆ. ದಾಳಿಂಬೆ ಇಡುವ ಯೋಚನೆಯುಳ್ಳ ರೈತರು ಸಸಿಯ ದರ ವಿಚಾರಿಸುವ ಮುನ್ನ ತಮ್ಮ ಹೋಬಳಿಯ ಕಳೆದ ಕೆಲವು ವರ್ಷಗಳ ಅಕ್ಟೋಬರ್ ಮತ್ತು ಮೇ ತಿಂಗಳ ಅಂಕಿಗಳನ್ನು ಒಮ್ಮೆ ನೋಡಲಿ.