ಕಾಲೇಜಿಗೆ ಬೀಗ ಬಿದ್ದಾಗ ನಿಂತುಹೋದ ತ್ರೋಬಾಲ್

ಅಸರ್ ನಮಾಝ್ ಕಳೆದು ಮಗ್ರಿಬ್ ಬಾಂಗ್ ಆಗುವವರೆಗಿನ ಹೊತ್ತು ನಮ್ಮ ಊರುಗಳಲ್ಲಿ ಹುಡುಗರದ್ದು. ಕೊಯ್ಲು ಮುಗಿದ ಗದ್ದೆಯಲ್ಲಿ ಅಂಡರ್ ಆರ್ಮ್ ಕ್ರಿಕೆಟ್, ತೋಟದ ಬದಿಯಲ್ಲಿ ವಾಲಿಬಾಲ್, ಕಡಲ ಕಡೆ ಹೋದರೆ ಫುಟ್ಬಾಲ್. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆದಾಗ ಇದೆಲ್ಲ ಒಮ್ಮೆಲೇ ನಿಂತಿತು. 'ಆಟ ಇಲ್ಲದಿದ್ರೆ ಏನು ಹೋಯ್ತು' ಎಂದು ಹೇಳಿದ ಹಿರಿಯರಲ್ಲಿ ನಾನೂ ಒಬ್ಬ.

ಏನು ಹೋಯಿತೆಂದು ಮನೆಯಲ್ಲೇ ಗೊತ್ತಾಯಿತು. ಡಿಗ್ರಿ ಓದುತ್ತಿದ್ದ ಮಗ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕುಳಿತು, ಬೆಳಿಗ್ಗೆ ಮಲಗಿಕೊಂಡೇ ಆನ್‌ಲೈನ್ ಕ್ಲಾಸಿಗೆ ಹಾಜರಿ ಹಾಕುತ್ತಿದ್ದ. ಮಾತು ಕಡಿಮೆಯಾಯಿತು, ಸಣ್ಣದಕ್ಕೂ ಸಿಟ್ಟು. ಮೇ 18ರ ಹೊಸ ಮಾರ್ಗಸೂಚಿಯಲ್ಲಿ ಪ್ರೇಕ್ಷಕರಿಲ್ಲದೆ ಕ್ರೀಡಾಂಗಣ ತೆರೆಯಲು ಅನುಮತಿ ಸಿಕ್ಕಿತು. ನಮ್ಮ ಹುಡುಗರು ಕ್ರೀಡಾಂಗಣಕ್ಕೆಲ್ಲಿ ಹೋಗ್ತಾರೆ, ನಾಲ್ಕೈದು ಮಂದಿ ಸೇರಿ ಗದ್ದೆಗೆ ಇಳಿದರು. ಬೆವರಿ ಬಂದು ಹತ್ತು ಗಂಟೆಗೆಲ್ಲ ಮಲಗತೊಡಗಿದ. ಮದ್ದು ಅಷ್ಟೇ.

ತಂಗಿಯ ಮಗಳ ಕಥೆ ಬೇರೆ. ಅವಳು ಕಾಲೇಜಿನ ತ್ರೋಬಾಲ್ ತಂಡದಲ್ಲಿದ್ದಳು. ಅವಳಿಗೆ ಗದ್ದೆ ಇಲ್ಲ, ರಸ್ತೆ ಬದಿ ಇಲ್ಲ. ಇದ್ದ ಒಂದೇ ಕೋರ್ಟ್ ಕಾಲೇಜಿನ ಕಾಂಪೌಂಡಿನೊಳಗೆ. ನವೆಂಬರ್ 17ರಂದು ರಾಜ್ಯದಲ್ಲಿ ಡಿಗ್ರಿ ಕಾಲೇಜುಗಳು ತೆರೆದರೂ ಹಾಜರಿ ಕಡ್ಡಾಯವಿರಲಿಲ್ಲ, ಹೆತ್ತವರ ಒಪ್ಪಿಗೆ ಪತ್ರ ಬೇಕಿತ್ತು. ಮನೆಯವರು ಕಳುಹಿಸಲಿಲ್ಲ. ಮರುವರ್ಷ ಎಪ್ರಿಲ್‌ನಲ್ಲಿ ಎರಡನೇ ಅಲೆ, ಮತ್ತೆ ಬೀಗ. ತಮ್ಮಂದಿರು ಆಡಿ ಬರುವುದನ್ನು ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳಂತೆ. ಕೊನೆಗೆ ಅವಳ ಉಮ್ಮನೇ ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನೇ ನೆಟ್ ಮಾಡಿ ಶಟಲ್ ಆಡಲು ನಿಂತಳು. ಮೊಣಕಾಲು ನೋವಿನ ನನ್ನ ತಂಗಿ ಶಟಲ್ ಆಡಿದ್ದು ಆ ವರ್ಷದ ದೊಡ್ಡ ಸುದ್ದಿ!

ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಹೇಳಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ. ಅದರಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ.

ಈಗ ಕಾಲೇಜು ತೆರೆದಿದೆ, ಸರಿ. ಆದರೆ ಓದು ಮುಗಿಸಿದ ಹುಡುಗಿಗೆ ಆ ಕೋರ್ಟ್ ಮತ್ತೆ ಮುಚ್ಚಿದ ಹಾಗೆಯೇ. ನಮ್ಮ ಊರಿನ ಶಾಲೆಯ ಹಿಂದಿನ ಅಂಗಳಕ್ಕೆ ಎತ್ತರದ ಗೋಡೆ ಇದೆ, ಭಾನುವಾರ ಖಾಲಿ ಬಿದ್ದಿರುತ್ತದೆ. ಎರಡು ಕಂಬ, ಒಂದು ನೆಟ್. ಮುಂದಿನ ಮೀಟಿಂಗ್‌ನಲ್ಲಿ ಕೇಳುವವನಿದ್ದೇನೆ.