ಸಭೆಯಲ್ಲಿ ಮಾತನಾಡುವ ಬಗೆ



ಕಳೆದ ಸೋಮವಾರ ಪ್ರಸಾದವಾದ ಮೇಲೆ ಯಲಹಂಕದ ಕಡೆಯ ಒಬ್ಬ ಯುವಕ ಮಠಕ್ಕೆ ಬಂದಿದ್ದ. ಅವರ ಊರಿನ ಕೆರೆಗೆ ನೀರು ತರುವ ರಾಜಕಾಲುವೆ ಮಣ್ಣು ತುಂಬಿ ಮುಚ್ಚಿಹೋಗುತ್ತಿದೆಯಂತೆ. ಅದನ್ನು ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಹೇಳುವ ಹೊಣೆಯನ್ನು ಊರವರು ಇವನ ಮೇಲೆ ಹೊರಿಸಿದ್ದಾರೆ. ಆರು ಹಾಳೆ ತುಂಬ ಬರೆದು ತಂದಿದ್ದ. ‘ಬುದ್ಧಿ, ಇದನ್ನ ನೋಡ್ಕೊಂಡು ಓದ್ಲಾ, ಬಾಯಿಪಾಠ ಮಾಡ್ಲಾ?’ ಎಂದು ಕೇಳಿದ. ನಿಮ್ಮಲ್ಲಿಯೂ ಅನೇಕರು ಸಂಘ, ಶಾಲೆ, ಮದುವೆಮನೆಗಳಲ್ಲಿ ಮಾತನಾಡಬೇಕಾಗಿ ಬರುವವರೇ. ಆದ್ದರಿಂದ ಈ ದಿನ ಅದನ್ನೇ ವಿಚಾರ ಮಾಡೋಣ.

ನಾವು ಸಂಸ್ಕೃತ ಪಾಠಶಾಲೆಯಲ್ಲಿದ್ದಾಗ ಅನ್ನಂಭಟ್ಟನ ತರ್ಕಸಂಗ್ರಹ ಓದುತ್ತಿದ್ದೆವು. ವಾಕ್ಯದಿಂದ ಅರ್ಥ ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಅಲ್ಲಿ ಬರುತ್ತದೆ. ಹಸು, ಕುದುರೆ, ಆನೆ ಎಂದು ಬರಿಯ ಹೆಸರುಗಳನ್ನು ಹೇಳುತ್ತ ಹೋದರೆ ಒಂದು ಪದ ಇನ್ನೊಂದನ್ನು ಬಯಸುವುದಿಲ್ಲ, ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ತೋಯಿಸು ಎಂದರೆ ಪದಗಳು ಒಂದಕ್ಕೊಂದು ಹೊಂದವು, ಅಲ್ಲಿ ಯೋಗ್ಯತೆಯಿಲ್ಲ. ‘ಹಸುವನ್ನು’ ಎಂದು ಬೆಳಿಗ್ಗೆ ಹೇಳಿ ‘ತಾ’ ಎಂದು ಮಧ್ಯಾಹ್ನ ಹೇಳಿದರೆ ಸನ್ನಿಧಿಯಿಲ್ಲ. ಯಲಹಂಕದಲ್ಲಿ ವಿಮಾನಗಳ ಪ್ರದರ್ಶನದ ತಾಲೀಮು ನಡೆಯುವ ದಿನಗಳಲ್ಲಿ ಈ ಮೂರನೆಯದು ನಮಗೆ ಚೆನ್ನಾಗಿ ಅನುಭವಕ್ಕೆ ಬಂದಿದೆ. ಕರ್ತೃಪದ ಹೇಳುವಷ್ಟರಲ್ಲಿ ವಿಮಾನ ತಲೆಯ ಮೇಲೆ ಬಂದು, ಅದು ಹೋಗಿ ಕ್ರಿಯಾಪದ ಹೇಳುವಷ್ಟರಲ್ಲಿ ಕೇಳುವವರು ಕರ್ತೃವನ್ನೇ ಮರೆತಿರುತ್ತಾರೆ!

ಶಾಸ್ತ್ರಕಾರರು ಈ ಮಾತನ್ನು ವಾಕ್ಯಕ್ಕೆ ಹೇಳಿದರು. ನಾವು ಸಭೆಗೂ ಹೊಂದಿಸಿಕೊಳ್ಳುತ್ತೇವೆ. ಎದುರಿಗೆ ಕುಳಿತವನು ಯಾವುದನ್ನು ಕೇಳಲು ಬಯಸಿ ಬಂದಿದ್ದಾನೆ, ನಮ್ಮ ಮಾತು ಅವನ ಸ್ಥಿತಿಗೆ ಹೊಂದುತ್ತದೆಯೇ, ಅವನಿಗೆ ಹತ್ತಿರವಾಗಿದೆಯೇ ಎಂಬುದನ್ನು ನೋಡಿಕೊಂಡ ಮೇಲೆ ಓದುವುದೋ ಬಾಯಿಪಾಠವೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಬರೆದು ಓದುವುದನ್ನು ಹಿಂದಿನವರು ಹಗುರವಾಗಿ ಕಂಡರು. ಪಾಣಿನೀಯ ಶಿಕ್ಷೆಯು ಆರು ಬಗೆಯ ಕೆಟ್ಟ ಪಾಠಕರನ್ನು ಹೆಸರಿಸುತ್ತದೆ. ರಾಗವೆಳೆಯುವವನು, ಅವಸರಪಡುವವನು, ತಲೆ ಅಲ್ಲಾಡಿಸುವವನು, ಅರ್ಥವರಿಯದವನು, ದನಿ ಸಾಲದವನು, ಇವರ ಸಾಲಿನಲ್ಲಿ ಬರೆದುದನ್ನು ನೋಡಿ ಓದುವವನನ್ನೂ ಸೇರಿಸಿದೆ. ಅದು ವೇದಪಾಠದ ಮಾತು. ಒಂದೊಂದು ಶಬ್ದಕ್ಕೂ ಹೊಣೆ ಹೊರಬೇಕಾದ ಕಡೆ ಓದುವುದೇ ಸರಿ. ರಾಜ್ಯಪಾಲರು ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ಮಾಡುವ ಭಾಷಣ, ಆಯವ್ಯಯದ ಭಾಷಣ, ಇವನ್ನು ಬಾಯಿಗೆ ಬಂದಂತೆ ಹೇಳಲಾದೀತೆ? ಆದರೂ ಹಾಳೆ ಕೈಯಲ್ಲಿದ್ದರೆ ಧೈರ್ಯ ಬಂದೇ ಬರುತ್ತದೆಂದು ತಿಳಿಯಬೇಡಿರಿ. 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯವರು ಸಸ್ಯಾಹಾರಿಗಳ ಒಂದು ಸಭೆಯಲ್ಲಿ ಬರೆದು ತಂದದ್ದನ್ನು ಓದಲು ಎದ್ದು, ಕಣ್ಣು ಮಂಜಾಗಿ, ಓದಲಾರದೆ ನಿಂತರು. ಇನ್ನೊಬ್ಬರು ಅದನ್ನು ಓದಿಕೊಟ್ಟರು.

ಇನ್ನು ಬಾಯಿಪಾಠ. ಇದರ ವಿಷಯದಲ್ಲಿ ನಮ್ಮ ತಪ್ಪನ್ನೇ ಹೇಳಬೇಕು. ಪಟ್ಟಕ್ಕೆ ಬಂದ ಹೊಸತು. ಹೆಬ್ಬಾಳದಾಚೆ ದ್ರಾಕ್ಷಿತೋಟವಿಟ್ಟುಕೊಂಡಿದ್ದ ಒಬ್ಬ ಭಕ್ತರ ಮಗ ಎಳೆಯ ವಯಸ್ಸಿನಲ್ಲಿ ಲಿಂಗೈಕ್ಯನಾದ. ಶಿವಗಣಾರಾಧನೆಗೆ ನಮ್ಮನ್ನು ಬಿಜಯಮಾಡಿಸಿದ್ದರು. ದೇಹದ ಅನಿತ್ಯತೆಯ ಮೇಲೆ ನಾವು ಮೊದಲೇ ಕಂಠಸ್ಥ ಮಾಡಿಟ್ಟುಕೊಂಡಿದ್ದ ಉಪನ್ಯಾಸವೊಂದಿತ್ತು, ಶ್ಲೋಕಗಳು ಹೇರಳ. ಅದನ್ನೇ ಆರಂಭಿಸಿದೆವು. ನಡುವೆ ಒಂದು ಕೂಸು ಅತ್ತಿತು, ನಮ್ಮ ಎಳೆ ತಪ್ಪಿತು. ಕಂಠಪಾಠದ ತೊಂದರೆ ಇದೇ: ಕಡಿದುಹೋದ ಕಡೆಯಿಂದ ಹಿಡಿಯಲಾಗದು, ಹಿಂದಕ್ಕೆ ಹೋಗಿ ಬರಬೇಕು. ಹೇಳಿದ್ದನ್ನೇ ಮತ್ತೆ ಹೇಳಿ, ನಲವತ್ತು ನಿಮಿಷಕ್ಕೆ ಮುಗಿಸಿದೆವು. ಹೊರಡುವಾಗ ಹುಡುಗನ ಅಜ್ಜಿ ನಮಸ್ಕರಿಸಿ, ‘ಬಲು ದೊಡ್ಡ ಮಾತು ಹೇಳಿದ್ರಿ ಬುದ್ಧಿ. ನಮ್ಮ ಹುಡ್ಗನ ಹೆಸರು ಮಾತ್ರ ಒಂದ್ಸಲಾನೂ ಬರ್ಲಿಲ್ಲ’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನಾವು ಉತ್ತರ ಕೊಡಲಾರದೆ ಕಾರು ಹತ್ತಿದೆವು. ಆ ಹುಡುಗ ಪ್ರತಿ ವರ್ಷ ಮೊದಲ ದ್ರಾಕ್ಷಿಗೊಂಚಲನ್ನು ಮಠಕ್ಕೆ ತಂದುಕೊಡುತ್ತಿದ್ದ. ಅದು ನಮಗೆ ನೆನಪಿತ್ತು. ಉಪನ್ಯಾಸದಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ಹಾಗಾದರೆ ಸಿದ್ಧತೆಯೇ ಬೇಡವೆ ಎಂದು ಕೇಳಬಹುದು. ಹಾಗಲ್ಲ. ಕರಾವಳಿ ಮತ್ತು ಕಾಸರಗೋಡಿನ ಕಡೆಯ ತಾಳಮದ್ದಳೆಯನ್ನು ನೋಡಿರಿ. ಭಾಗವತರು ಹಾಡುವ ಪದ್ಯ ಮೊದಲೇ ನಿಶ್ಚಿತ. ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿನಲ್ಲಿ ಹುಟ್ಟಬೇಕು. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಆಡುವ ಮಾತೇ ಎಲ್ಲವೂ. ಎದುರಾಳಿ ಏನು ಕೇಳುತ್ತಾನೆಂಬುದು ಮೊದಲೇ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಲ್ಲಿ ಹೆಸರಾದವರು. ಇಂಥವರು ಹಾಳೆ ಹಿಡಿಯುವುದಿಲ್ಲ, ನಿಜ. ಆದರೆ ಪುರಾಣಗಳನ್ನು ಓದಿ ಅರಗಿಸಿಕೊಂಡಿರುತ್ತಾರೆ. ನಮ್ಮ ಶೂನ್ಯಸಂಪಾದನೆಯೂ ಸಂವಾದದ ರೂಪದಲ್ಲಿದೆ. ಅಲ್ಲಿ ಅಲ್ಲಮಪ್ರಭುದೇವರು ಒಬ್ಬೊಬ್ಬ ಶರಣರನ್ನು ಒಂದೊಂದು ರೀತಿಯಲ್ಲಿ ಪ್ರಶ್ನಿಸುತ್ತಾರೆ. ಅಕ್ಕನಿಗೆ ಕೇಳಿದ್ದನ್ನು ಸಿದ್ಧರಾಮಯ್ಯನವರಿಗೆ ಕೇಳುವುದಿಲ್ಲ. ಆಶುಭಾಷಣವೆಂದರೆ ವಿಷಯದ ಸಿದ್ಧತೆ ಹಿಂದಿನದು, ಶಬ್ದ ಮಾತ್ರ ಆಗಿನದು. ವಿಷಯವೂ ಆಗಿನದೇ ಆದರೆ ಅದು ಹರಟೆ. ಅಂಥವರಿಗೆ ಮೈಕು ಸಿಕ್ಕರೆ ಬಿಡುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ನೇ ಇಸವಿಯಲ್ಲಿ ಸರ್ಕಾರ ನಿಯಮ ಮಾಡಿದ್ದು ಎಷ್ಟೋ ಸಭಿಕರಿಗೆ ಉಪಕಾರವೇ ಆಗಿದೆ.

ಆ ಯುವಕನಿಗೆ ನಾವು ಹೇಳಿದ್ದು ಇಷ್ಟು. ಸರ್ವೆ ನಂಬರು, ಕಾಲುವೆಯ ಅಗಲ, ಅರ್ಜಿ ಕೊಟ್ಟ ತಾರೀಖು, ಇವನ್ನು ಹಾಳೆ ನೋಡಿಯೇ ಓದು. ಅಲ್ಲಿ ನೆನಪನ್ನು ನಂಬಬೇಡ. ಎದ್ದು ನಿಂತಾಗ ಆಡುವ ಮೊದಲ ವಾಕ್ಯವನ್ನು ಬಾಯಿಪಾಠ ಮಾಡು, ನಾಲಗೆ ತಡವರಿಸದು. ಉಳಿದದ್ದಕ್ಕೆ ಒಂದು ಚೀಟಿಯಲ್ಲಿ ನಾಲ್ಕು ಪದ ಗುರುತು ಹಾಕಿಕೊಂಡು, ಅಧಿಕಾರಿಗಳ ಮುಖ ನೋಡಿ ಮಾತನಾಡು. ಅದಕ್ಕೆ ಮೊದಲು ಮನೆಯಲ್ಲಿ ನಿಮ್ಮಜ್ಜಿಯ ಮುಂದೆ ಕುಳಿತು ಒಂದು ಸಲ ಹೇಳಿ ನೋಡು.

ನಿನ್ನೆ ಮತ್ತೆ ಬಂದಿದ್ದ. ಅಜ್ಜಿ ಎಲ್ಲವನ್ನೂ ಕೇಳಿ, ‘ಕಾಲುವೆ ಮುಚ್ಚೋದ್ರೆ ಮಳೆ ನೀರು ಯಾರ ಮನೆಗೆ ನುಗ್ತದೆ ಅಂತ ನೀನು ಹೇಳ್ಲೇ ಇಲ್ವಲ್ಲಪ್ಪ’ ಎಂದರಂತೆ. ಆರು ಹಾಳೆಯಲ್ಲಿ ಅದು ಇರಲಿಲ್ಲ. ಈಗ ಚೀಟಿಯಲ್ಲಿ ಮೊದಲನೆಯ ಪದವಾಗಿ ಅದನ್ನೇ ಬರೆದುಕೊಂಡಿದ್ದಾನೆ. ಬರುವ ಗುರುವಾರ ಸಭೆ. ಆ ಭಾಗದವರು ನೀವೂ ಹೋಗಿ ಅವನ ಎದುರು ಸಾಲಿನಲ್ಲಿ ಕುಳಿತುಕೊಳ್ಳಿರಿ.