ಮೂಕಚಿತ್ರಕ್ಕೊಬ್ಬ ಕಥೆಗಾರ
ಓಜು ಅವರ ಒಂದು ಜಪಾನೀ ಚಿತ್ರವನ್ನು ಬೇಲೂರಿನಲ್ಲಿ ತೋರಿಸುವ ಬಗೆ

ಪರಭಾಷೆಯ ಚಲಚ್ಚಿತ್ರವೊಂದನ್ನು ಊರ ಜನರಿಗೆಲ್ಲ ಉಚಿತವಾಗಿ ತೋರಿಸಬೇಕೆಂದು ಹೊರಟವರಿಗೆ ಎದುರಾಗುವ ದೊಡ್ಡ ತೊಡಕು ಹಣದ್ದಲ್ಲ, ಭಾಷೆಯದು. ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಅಡಿಬರಹವನ್ನು ಓದಬಲ್ಲವರು ಸಭೆಯಲ್ಲಿ ಕೆಲವರೇ. ಅವರೂ ಓದಿ ಮುಗಿಸುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಟಿಕೇಟು ಇಲ್ಲದಿದ್ದರೂ ಉಳಿದವರು ಬಾಗಿಲ ಹೊರಗೆ ನಿಂತಂತೆಯೇ ಸರಿ. ಇಂಥ ಸಭೆಗಳನ್ನು ಕಂಡವರೇ, ಈ ಚಿತ್ರಗಳು ಹಳ್ಳಿಯವರಿಗೆ ರುಚಿಸವು ಎಂಬ ತೀರ್ಮಾನಕ್ಕೆ ಬಂದಿರಬೇಕು. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ರೈತರ ಮುಂದೆ ತಂದಿತು. ಕೆ. ವಿ. ಸುಬ್ಬಣ್ಣನವರು ಕೈಗೊಂಡ ಆ ಕೆಲಸದ ಎದುರಿನಲ್ಲಿ ಮೇಲಿನ ಮಾತು ನಿಲ್ಲಲಾರದು.

ಬೇಲೂರು, ಹಳೇಬೀಡುಗಳ ಕಾಲೇಜುಗಳಲ್ಲಿ ಇಂಥ ಪ್ರದರ್ಶನವನ್ನು ನಡೆಸಲೆಳಸುವ ಅಧ್ಯಾಪಕರಿಗೆ ನಾವು ಸೂಚಿಸುವುದು ಯಾಸುಜಿರೋ ಓಜು ಅವರು 1932ರಲ್ಲಿ ತೆಗೆದ ಮೂಕಚಿತ್ರವೊಂದನ್ನು. ಅದರ ಹೆಸರನ್ನು ಕನ್ನಡದಲ್ಲಿ 'ಹುಟ್ಟಿದ್ದೇನೋ ಹುಟ್ಟಿದೆವು, ಆದರೆ...' ಎನ್ನಬಹುದು. ಸುಮಾರು ಒಂದೂವರೆ ಗಂಟೆಯ ಈ ಚಿತ್ರವನ್ನು ಜಪಾನಿನ 'ಕಿನೆಮಾ ಜುಂಪೋ' ಪತ್ರಿಕೆಯು ಆ ವರ್ಷದ ಚಿತ್ರಗಳಲ್ಲಿ ಮೊದಲನೆಯದೆಂದು ಎಣಿಸಿತು.

ಇದರಲ್ಲಿ ಮಾತೆಲ್ಲವೂ ನಡುನಡುವೆ ಬರುವ ಬರಹದ ಫಲಕಗಳಲ್ಲಿದೆ. ತೆರೆಯ ಪಕ್ಕದಲ್ಲಿ ನಿಂತವನೊಬ್ಬನು ಅವನ್ನು ಕನ್ನಡದಲ್ಲಿ ಹೇಳಿದರೆ ಸಾಕು, ತೊಡಕು ಬಿಡಿಸಿತು. ಇದು ನಮ್ಮ ಕಲ್ಪನೆಯ ಉಪಾಯವೆಂದು ವಾಚಕರು ತಿಳಿಯಬಾರದು. ಜಪಾನಿನಲ್ಲಿ ಮೂಕಚಿತ್ರಗಳನ್ನು ತೋರಿಸುತ್ತಿದ್ದುದೇ ಹೀಗೆ. 'ಬೆನ್ಶಿ' ಎಂಬ ಕಥೆಗಾರನು ತೆರೆಯ ಬದಿಯಲ್ಲಿದ್ದು ಪಾತ್ರಕ್ಕೊಂದು ದನಿ ತೆಗೆದು ಮಾತನಾಡುವನು, ದೃಶ್ಯವನ್ನು ವರ್ಣಿಸುವನು, ನಡುವೆ ತನ್ನದೊಂದು ಚೇಷ್ಟೆಯನ್ನೂ ಸೇರಿಸುವನು. ನಟರಿಗಿಂತ ಬೆನ್ಶಿಯ ಹೆಸರಿಗೇ ಜನ ಕೂಡುತ್ತಿದ್ದುದೂ ಉಂಟು. ಅಲ್ಲಿ 1931ರಲ್ಲೇ ವಾಕ್ಚಿತ್ರ ಬಂದಿದ್ದರೂ ಮೂಕಚಿತ್ರವು ಮತ್ತೆ ಕೆಲವು ವರ್ಷ ಬಾಳಿದುದಕ್ಕೆ ಇವರ ಜನಪ್ರಿಯತೆಯೂ ಒಂದು ಕಾರಣ. ನಿರ್ದೇಶಕ ಕುರೋಸಾವಾ ಅವರ ಅಣ್ಣ ಬೆನ್ಶಿಯಾಗಿದ್ದರು. ಆ ವೃತ್ತಿ ಕುಸಿಯುತ್ತಿದ್ದಾಗ, 1933ರಲ್ಲಿ, ಆತ್ಮಹತ್ಯೆ ಮಾಡಿಕೊಂಡರು.

ಹರಿಕಥೆಯನ್ನು ಕೇಳಿದವರಿಗೆ, ಯಕ್ಷಗಾನದ ಭಾಗವತನನ್ನು ಕಂಡವರಿಗೆ ಬೆನ್ಶಿ ಅಪರಿಚಿತನೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನೇ ನೋಡಿರಿ. ಆನೆ, ಸಿಂಹ, ಕುದುರೆಸವಾರರ ಪಟ್ಟಿಕೆಗಳ ಮೇಲೆ ರಾಮಾಯಣ ಭಾರತಗಳ ಕಥೆಯು ಕಲ್ಲಿನಲ್ಲಿ ಸಾಲಾಗಿ ಸಾಗುತ್ತದೆ. ಅಲ್ಲಿ ಚಿತ್ರವು ನಿಂತಿರುತ್ತದೆ, ನೋಡುವವನು ನಡೆಯುತ್ತಾನೆ. ಬಲ್ಲವರೊಬ್ಬರು ಜೊತೆಗಿದ್ದು 'ಇವನು ಇಂಥವನು' ಎಂದು ಹೇಳಿದ ಕ್ಷಣದಲ್ಲಿ ಕಲ್ಲು ಕಥೆಯಾಗುವುದು.

ಇನ್ನು ಚಿತ್ರದ ಕಥೆ. ಯೋಶಿಯೆಂಬ ಗುಮಾಸ್ತನು ತನ್ನ ಯಜಮಾನನ ಮನೆಯಿರುವ ಟೋಕಿಯೋದ ಹೊರವಲಯಕ್ಕೆ ಸಂಸಾರ ಸಮೇತ ಬಂದು ನೆಲಸುತ್ತಾನೆ. ಅವನಿಗೆ ಇಬ್ಬರು ಗಂಡುಮಕ್ಕಳು. ಹೊಸ ಬೀದಿಯ ಪುಂಡಹುಡುಗರಿಗೆ ಹೆದರಿ ಇವರು ಶಾಲೆ ತಪ್ಪಿಸಿ ಬಯಲಿನಲ್ಲಿ ಬುತ್ತಿ ಬಿಚ್ಚುವುದು, ಅಂಗಡಿಯ ಆಳಿನಿಂದ ಕಾಪಿಗೆ ಒಳ್ಳೆಯ ಅಂಕ ಬರೆಯಿಸಿಕೊಳ್ಳುವುದು ಮೊದಲಾದ ಪ್ರಸಂಗಗಳಿಗೆ ಕಥೆಗಾರನ ಹಂಗೇ ಬೇಡ. ಮಕ್ಕಳು ತಾವಾಗಿಯೇ ನಗುವರು. ಕೊನೆಗೆ ಈ ಇಬ್ಬರೇ ಗುಂಪಿಗೆ ನಾಯಕರಾಗುತ್ತಾರೆ, ಯಜಮಾನನ ಮಗನೂ ಇವರ ಅಂಕೆಗೆ ಬರುತ್ತಾನೆ. ಒಂದು ಸಂಜೆ ಯಜಮಾನನ ಮನೆಯಲ್ಲಿ ಅವನು ತೆಗೆಸಿದ ಚಿತ್ರಸುರುಳಿಯನ್ನು ತೋರಿಸುತ್ತಾರೆ. ಅದರಲ್ಲಿ ತಮ್ಮ ತಂದೆ ಯಜಮಾನನನ್ನು ನಗಿಸಲು ಮುಖ ಸೊಟ್ಟಮಾಡಿ ಕೋಡಂಗಿಯಂತೆ ಕುಣಿಯುತ್ತಿದ್ದಾನೆ! ಎಲ್ಲರೂ ನಗುತ್ತಾರೆ, ಮಕ್ಕಳಿಬ್ಬರನ್ನುಳಿದು. ಅಲ್ಲಿಯವರೆಗೆ ಹಾಸ್ಯವಾಗಿದ್ದ ಚಿತ್ರವು ಈ ಎಡೆಯಲ್ಲಿ ತಿರುಗುತ್ತದೆ. ಅವನಿಗೆ ನೀನೇಕೆ ತಲೆಬಾಗಬೇಕೆಂದು ಹಿರಿಯ ಮಗ ಕೇಳುತ್ತಾನೆ. ಸಂಬಳ ಕೊಡುವವನು ಅವನೆಂದು ತಂದೆಯ ಉತ್ತರ. ಹಾಗಾದರೆ ಸಂಬಳವೇ ಬೇಡವೆಂದು ಮಕ್ಕಳು ಊಟ ಬಿಡುತ್ತಾರೆ.

ಬೇಲೂರಿನ ಸುತ್ತ ಕಾಫಿ ತೋಟಗಳಿವೆ. ತೋಟದ ಸಾಹುಕಾರರ ಮಗನೂ ರೈಟರ ಮಗನೂ ಆಳಿನ ಮಗನೂ ಒಂದೇ ಬೆಂಚಿನಲ್ಲಿ ಕುಳಿತ ತರಗತಿಯಲ್ಲಿ ಈ ಪ್ರಶ್ನೆಯು ಬರಿಯ ಜಪಾನಿನ ಪ್ರಶ್ನೆಯಾಗಿ ಉಳಿಯದು. ಆದುದರಿಂದ ಪ್ರದರ್ಶನದ ಅನಂತರ ಚರ್ಚೆ ನಡೆಸುವ ಅಧ್ಯಾಪಕರು 'ನಿಮ್ಮ ತಂದೆ ಏನು ಮಾಡುವರು' ಎಂದು ಯಾರನ್ನೂ ಕೇಳಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಯೋಶಿಯ ವಿಷಯವನ್ನಷ್ಟೇ ಕೇಳಿದರೆ ಸಾಕು. ಅವನು ತಪ್ಪು ಮಾಡಿದನೆ ಎಂಬುದಕ್ಕೆ ಓಜು ಅವರು ಉತ್ತರ ಹೇಳಿಲ್ಲ.

ಇನ್ನೊಂದು ಅಂಶಕ್ಕೆ ಮಾತ್ರ ಕಥೆಗಾರನು ವಿವರಣೆ ಕೊಡಬೇಕಾದೀತು. ಮುಂದೆ ಏನಾಗುವೆಯೆಂದು ತಂದೆ ಕೇಳಿದಾಗ, ಅಣ್ಣನು ಸೇನಾಪತಿಯಾಗುವನಾದುದರಿಂದ ತಾನು ಅವನಿಗಿಂತ ಒಂದು ಮೆಟ್ಟಲು ಕೆಳಗಿನ ಸೇನಾಧಿಕಾರಿಯಾಗುವೆನೆಂದು ಕಿರಿಯವನು ಹೇಳುತ್ತಾನೆ. ನಗೆಯ ಮಾತೇ ಹೌದು. ಆದರೆ ಜಪಾನು ಮಂಚೂರಿಯಕ್ಕೆ ಸೇನೆ ನುಗ್ಗಿಸಿದ್ದು 1931ರಲ್ಲಿ. ಈ ವಯಸ್ಸಿನ ಹುಡುಗರು ಬೆಳೆದು ನಿಂತದ್ದು ಮಹಾಯುದ್ಧದ ಕಾಲಕ್ಕೆ.

ಪ್ರದರ್ಶನವು ಉಚಿತವಾದ ಮಾತ್ರಕ್ಕೆ ಹಕ್ಕಿನ ಪ್ರಶ್ನೆ ಇಲ್ಲವಾಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲಚ್ಚಿತ್ರದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1932ರ ಚಿತ್ರಕ್ಕೆ ಆ ಅವಧಿ ಮುಗಿದಿದೆ. ಈಚಿನ ಪ್ರತಿಗಳಿಗೆ ಹೊಸದಾಗಿ ಕೂಡಿಸಿದ ಸಂಗೀತದ ಹಕ್ಕು ಬೇರೆ. ಸಂಗೀತವನ್ನು ನಿಲ್ಲಿಸಿ ಊರಿನವರೊಬ್ಬರಿಂದ ಕೊಳಲನ್ನೋ ಹಾರ್ಮೋನಿಯಮನ್ನೋ ನುಡಿಸಿದರೆ ಇನ್ನೂ ಲೇಸು.

ಕಥೆಗಾರನಾಗುವ ವಿದ್ಯಾರ್ಥಿಯು ಚಿತ್ರವನ್ನು ಮುಂಚಿತವಾಗಿ ಮೂರು ನಾಲ್ಕು ಸಲವಾದರೂ ನೋಡಿ, ಫಲಕಗಳ ಮಾತನ್ನು ಹಾಸನದ ಕಡೆಯ ಆಡುಮಾತಿಗೆ ಇಳಿಸಿಕೊಂಡಿರಬೇಕು. ಮಕ್ಕಳ ಬಾಯಲ್ಲಿ ಗ್ರಾಂಥಿಕ ಭಾಷೆ ನಗೆಗೀಡು. ಎಲ್ಲಿ ಸುಮ್ಮನಿರಬೇಕೆಂಬುದನ್ನೂ ಅವನು ಗುರುತು ಹಾಕಿಕೊಳ್ಳಲಿ. ಮುನಿಸಿನ ಮರುದಿನ ತಾಯಿ ಅನ್ನದ ಉಂಡೆಗಳನ್ನು ತಂದಿಡುತ್ತಾಳೆ. ಹಸಿದ ಹುಡುಗರು ಒಲ್ಲೆವೆನ್ನುತ್ತಲೇ ಕೈ ಚಾಚುತ್ತಾರೆ. ತಂದೆಯೂ ಪಕ್ಕದಲ್ಲಿ ಕುಳಿತು ಒಂದನ್ನು ತೆಗೆದುಕೊಳ್ಳುತ್ತಾನೆ. ಅಲ್ಲಿ ಕಥೆಗಾರನು ಒಂದು ಮಾತನ್ನೂ ಆಡತಕ್ಕದ್ದಲ್ಲ.